ಬ್ಲೌಸ್ ಸಡಿಲವಾಗಿದೆ, ತೂಕ ಮಾತ್ರ ಇಳಿದಿಲ್ಲ

ಪ್ರಶ್ನೆ: ನನಗೆ 43 ವರ್ಷ. ಎತ್ತರ 155 ಸೆಂ.ಮೀ. ನಾಲ್ಕು ತಿಂಗಳ ಹಿಂದೆ ತಪಾಸಣೆ ಮಾಡಿಸಿದಾಗ ತೂಕ 68 ಕೆಜಿ, ಎರಡು ಮೂರು ತಿಂಗಳ ಶುಗರ್ ಸರಾಸರಿ ತೋರಿಸುವ ಎಚ್‌ಬಿಎ1ಸಿ 6.2, ಖಾಲಿ ಹೊಟ್ಟೆಯ ಶುಗರ್ 114, ಬಿಪಿ 138/88 ಇತ್ತು. ರಕ್ತವೂ ಕಡಿಮೆ ಇದೆ ಎಂದು ಕಬ್ಬಿಣದ ಮಾತ್ರೆ ಕೊಟ್ಟರು. "ಸಕ್ಕರೆ ಕಾಯಿಲೆಯ ಬಾಗಿಲಲ್ಲಿ ನಿಂತಿದ್ದೀರಿ, ತೂಕ ಇಳಿಸಿ" ಎಂದರು. ಅಂದಿನಿಂದ ದಿನಾ 45 ನಿಮಿಷ ನಡೆಯುತ್ತಿದ್ದೇನೆ. ಕಾಫಿಗೆ ಸಕ್ಕರೆ ಬಿಟ್ಟೆ. ರಾತ್ರಿ ಅನ್ನ ಬಿಟ್ಟು ಪಲ್ಯ ಜಾಸ್ತಿ ಮಾಡಿಕೊಂಡೆ. ಮೊನ್ನೆ ಮತ್ತೆ ಪರೀಕ್ಷೆ ಮಾಡಿಸಿದೆ. ಎಚ್‌ಬಿಎ1ಸಿ 5.8, ಶುಗರ್ 103, ಬಿಪಿ 126/80. ಎರಡು ವರ್ಷದ ಹಿಂದೆ ಬಿಚ್ಚಿಸಿದ್ದ ಬ್ಲೌಸಿನ ಪಕ್ಕದ ಹೊಲಿಗೆಯನ್ನು ಮತ್ತೆ ಹಾಕಿಸಿಕೊಂಡಿದ್ದೇನೆ. ಆದರೆ ತೂಕ 66.5. ನಾಲ್ಕು ತಿಂಗಳಿಗೆ ಬರೀ ಒಂದೂವರೆ ಕೆಜಿ! ನಮ್ಮ ಓರಗಿತ್ತಿ ಯಾವುದೋ ಪುಡಿ ಕಲಸಿ ಕುಡಿದು ಒಂದೇ ತಿಂಗಳಲ್ಲಿ 6 ಕೆಜಿ ಇಳಿಸಿದ್ದಾಳೆ. ನನಗೆ ಸಾಕಾಗಿ ಹೋಗಿದೆ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ನೀವು ಎಲ್ಲೂ ತಪ್ಪುತ್ತಿಲ್ಲ. ದಯವಿಟ್ಟು ಬಿಡಬೇಡಿ.

ನೀವೇ ಬರೆದಿರುವ ಅಂಕಿಗಳನ್ನು ಇನ್ನೊಂದು ಸಲ ಓದಿ ನೋಡಿ. ನಾಲ್ಕು ತಿಂಗಳ ಹಿಂದೆ ನಿಮ್ಮ ಡಾಕ್ಟರಿಗೆ ಚಿಂತೆ ಹತ್ತಿಸಿದ್ದು ಶುಗರ್ ಮತ್ತು ಬಿಪಿ. ಅವೆರಡೂ ಇಳಿದಿವೆ. ತೂಕ ಇಳಿಸಿ ಎಂದು ಹೇಳಿದ್ದೇ ಅವೆರಡು ಇಳಿಯಲಿ ಅಂತ. ನೀವು ನಡೆಯಲು ಶುರು ಮಾಡಿದ ಕಾರಣವನ್ನೇ ಮರೆತು, ಮಷಿನ್ ತೋರಿಸುವ ಒಂದು ಅಂಕಿ ನೋಡಿ ಅಳುತ್ತಿದ್ದೀರಿ. ನಿಮ್ಮಂಥವರು ನನ್ನ ಹತ್ತಿರ ಪ್ರತಿ ವಾರ ಬರುತ್ತಾರೆ. ಒಳ್ಳೆಯ ಫಲ ಕೈಗೆ ಬಂದಾಗಲೇ ಬಿಟ್ಟುಬಿಡುತ್ತಾರಲ್ಲ ಎಂದು ನನಗೆ ನಿಜಕ್ಕೂ ಸಂಕಟವಾಗುತ್ತದೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಮೊದಲು ತೂಕದ ಮಷಿನ್ ವಿಷಯ. ನಿಮ್ಮ ಮೂಳೆ, ಮಾಂಸ, ಕೊಬ್ಬು, ರಕ್ತ, ಹೊಟ್ಟೆಯಲ್ಲಿರುವ ಊಟ, ಮೈಯಲ್ಲಿರುವ ನೀರು, ಎಲ್ಲವನ್ನೂ ಸೇರಿಸಿ ಅದು ಒಂದೇ ಅಂಕಿ ಕೊಡುತ್ತದೆ. ಅದರಲ್ಲಿ ಯಾವುದು ಎಷ್ಟು ಎಂದು ಅದಕ್ಕೆ ಗೊತ್ತಿಲ್ಲ. ಅರ್ಧ ಲೀಟರ್ ನೀರು ಕುಡಿದು ನಿಂತರೆ ಅರ್ಧ ಕೆಜಿ ಜಾಸ್ತಿ. ಹಬ್ಬದ ದಿನ ಹೋಳಿಗೆ, ಚಿತ್ರಾನ್ನ, ಹಪ್ಪಳ, ಉಪ್ಪಿನಕಾಯಿ ತಿಂದಿದ್ದರೆ ಮರುದಿನ ಬೆಳಿಗ್ಗೆ ಒಂದು ಕೆಜಿಯೇ ಏರಿರಬಹುದು. ಅದು ಕೊಬ್ಬಲ್ಲ. ಉಪ್ಪು ಮೈಯಲ್ಲಿ ನೀರು ಹಿಡಿದಿಡುತ್ತದೆ. ಅನ್ನ, ಸಿಹಿಯಿಂದ ಬಂದ ಸಕ್ಕರೆಯ ಒಂದು ಪಾಲನ್ನು ದೇಹ ಯಕೃತ್ತಿನಲ್ಲೂ ಸ್ನಾಯುಗಳಲ್ಲೂ ಗ್ಲೈಕೋಜೆನ್ ಎಂಬ ರೂಪದಲ್ಲಿ ಕೂಡಿಡುತ್ತದೆ. ಒಂದು ಗ್ರಾಂ ಗ್ಲೈಕೋಜೆನ್ ಜೊತೆ ಸುಮಾರು ಮೂರು ಗ್ರಾಂ ನೀರೂ ಕೂರುತ್ತದೆ. ಮುಟ್ಟಿನ ಹಿಂದಿನ ದಿನಗಳಲ್ಲಿ ಮೈ ಭಾರ ಅನ್ನಿಸುವುದಕ್ಕೂ ಹೆಚ್ಚಾಗಿ ಮೈಯಲ್ಲಿ ನಿಂತ ನೀರೇ ಕಾರಣ.

ನಿಮ್ಮ ಓರಗಿತ್ತಿಯ 6 ಕೆಜಿಯ ಗುಟ್ಟಿನಲ್ಲಿ ದೊಡ್ಡ ಪಾಲು ಇಲ್ಲೇ ಇದೆ. ಊಟವನ್ನು ಒಮ್ಮೆಲೇ ಕಡಿಮೆ ಮಾಡಿದರೆ ಆ ಗ್ಲೈಕೋಜೆನ್ ಖಾಲಿಯಾಗುತ್ತದೆ, ಅದರ ನೀರೂ ಹೊರಗೆ ಹೋಗುತ್ತದೆ. ಮೊದಲ ವಾರದಲ್ಲೇ ಎರಡು ಕೆಜಿ ಇಳಿದರೂ ಆಶ್ಚರ್ಯವಿಲ್ಲ. ಆಮೇಲೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಉಪವಾಸದಂಥ ಊಟ, ಪ್ರೋಟೀನ್ ಕಡಿಮೆ, ವ್ಯಾಯಾಮ ಇಲ್ಲ ಎಂದಾದರೆ ಕರಗುವ ಸ್ನಾಯುವಿನ ಪಾಲು ಜಾಸ್ತಿ. ಪುಡಿ ನಿಲ್ಲಿಸಿ ಮಾಮೂಲಿ ಊಟಕ್ಕೆ ಬಂದ ಮೇಲೆ ತೂಕ ವಾಪಸ್ ಬರುತ್ತದೆ, ಆದರೆ ಬರುವುದು ಹೆಚ್ಚಾಗಿ ಕೊಬ್ಬಾಗಿ. ಅವರನ್ನು ಬೈಯಲು ಇದನ್ನು ಹೇಳುತ್ತಿಲ್ಲ. ಸಾಧ್ಯವಾದರೆ ಅವರನ್ನೂ ನಿಮ್ಮ ಜೊತೆ ವಾಕಿಂಗಿಗೆ ಕರೆದುಕೊಂಡು ಹೋಗಿ. ಪುಡಿಯ ಡಬ್ಬವನ್ನು ಒಮ್ಮೆ ಡಾಕ್ಟರಿಗೆ ತೋರಿಸಲು ಹೇಳಿ.

ಈಗ ನಿಮ್ಮ ಒಂದೂವರೆ ಕೆಜಿಗೆ ಬರೋಣ. ಅದು ಬಹುಪಾಲು ಕೊಬ್ಬೇ ಎಂದುಕೊಳ್ಳಿ. ಕೊಬ್ಬು ನೀರಿಗಿಂತ ಹಗುರ, ಆದ್ದರಿಂದ ಜಾಸ್ತಿ ಜಾಗ ಹಿಡಿಯುತ್ತದೆ. ಒಂದೂವರೆ ಕೆಜಿ ಕೊಬ್ಬು ಸುಮಾರು 1.6 ಲೀಟರ್ ಆಗುತ್ತದೆ. ಫ್ರಿಜ್‌ನಿಂದ ನಂದಿನಿ ಹಾಲಿನ ಅರ್ಧ ಲೀಟರ್ ಪ್ಯಾಕೆಟ್ ಮೂರು ತೆಗೆದು ಅಡುಗೆ ಕಟ್ಟೆಯ ಮೇಲೆ ಸಾಲಾಗಿ ಇಟ್ಟು ನೋಡಿ. ಅಷ್ಟು, ಅದಕ್ಕಿಂತ ಸ್ವಲ್ಪ ಜಾಸ್ತಿಯೇ, ನಿಮ್ಮ ಮೈಯಿಂದ ಹೋಗಿದೆ. ಟೈಲರ್ ಮತ್ತೆ ಆ ಪಕ್ಕದ ಹೊಲಿಗೆ ಹಾಕಿದ್ದು ಸುಮ್ನೆ ಅಲ್ಲ.

ಇಲ್ಲಿ ಒಂದು ಮಾತು ಪ್ರಾಮಾಣಿಕವಾಗಿ ಹೇಳಿಬಿಡಬೇಕು. "ಕೊಬ್ಬು ಕರಗಿ ಅಷ್ಟೇ ತೂಕದ ಸ್ನಾಯು ಬೆಳೆದಿದೆ, ಅದಕ್ಕೇ ಮಷಿನ್ ಅಲ್ಲೇ ನಿಂತಿದೆ" ಎಂದು ಜಿಮ್‌ಗಳಲ್ಲಿ ಸಮಾಧಾನ ಮಾಡುವುದುಂಟು. ಭಾರ ಎತ್ತುವವರ ವಿಷಯದಲ್ಲಿ ಅದು ಸ್ವಲ್ಪ ಮಟ್ಟಿಗೆ ನಿಜ. ಬರೀ ನಡಿಗೆಯಿಂದ ನಾಲ್ಕು ತಿಂಗಳಲ್ಲಿ ಕೆಜಿಗಟ್ಟಲೆ ಸ್ನಾಯು ಬೆಳೆಯುವುದಿಲ್ಲ. ನಿಮಗೆ ಆ ಸಮಾಧಾನ ಬೇಕಾಗಿಯೂ ಇಲ್ಲ, ಏಕೆಂದರೆ ನಡಿಗೆ ಬೇರೆ ಕೆಲಸ ಮಾಡಿದೆ. ನಡೆಯುವಾಗ ಕಾಲಿನ ಸ್ನಾಯುಗಳು ಇನ್ಸುಲಿನ್‌ಗೆ ಕಾಯದೆ ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತವೆ. ನಡಿಗೆ ಮುಗಿದ ಮೇಲೂ ಒಂದು ದಿನದ ಮಟ್ಟಿಗೆ ಅವು ಇನ್ಸುಲಿನ್‌ನ ಮಾತನ್ನು ಚೆನ್ನಾಗಿ ಕೇಳುತ್ತವೆ. ಅದಕ್ಕೇ ದಿನಾ ನಡೆಯಬೇಕು ಎನ್ನುವುದು. ಹೊಟ್ಟೆಯ ಒಳಗೆ, ಯಕೃತ್ತು ಮತ್ತು ಕರುಳಿನ ಸುತ್ತ ಕೂತಿರುವ ಕೊಬ್ಬು ಕೂಡ, ಒಟ್ಟು ತೂಕ ಹೆಚ್ಚು ಇಳಿಯದಿದ್ದರೂ ನಿಯಮಿತ ನಡಿಗೆಯಿಂದ ಕಡಿಮೆಯಾಗುತ್ತದೆ. ನಮ್ಮ ಜನಕ್ಕೆ ಹೆಚ್ಚು ತೊಂದರೆ ಕೊಡುವುದೇ ಆ ಒಳಗಿನ ಕೊಬ್ಬು.

ಇದು ನನ್ನ ಒಬ್ಬನ ಮಾತಲ್ಲ. ಚೆನ್ನೈನ ಡಾ. ಎ. ರಾಮಚಂದ್ರನ್ ಅವರ ತಂಡ ನಿಮ್ಮ ಹಾಗೆಯೇ ಬಾಗಿಲಲ್ಲಿ ನಿಂತಿದ್ದ 531 ಜನರನ್ನು ಮೂರು ವರ್ಷ ಗಮನಿಸಿ, 2006ರಲ್ಲಿ ಫಲಿತಾಂಶ ಪ್ರಕಟಿಸಿತು. ಒಂದು ಗುಂಪಿಗೆ ದಿನಾ ಕನಿಷ್ಠ ಅರ್ಧ ಗಂಟೆ ನಡಿಗೆ, ಸಕ್ಕರೆ, ಪಾಲಿಶ್ ಮಾಡಿದ ಧಾನ್ಯ ಮತ್ತು ಎಣ್ಣೆಯಲ್ಲಿ ಕಡಿತ, ಇಷ್ಟನ್ನು ಹೇಳಿಕೊಟ್ಟರು. ಮಾಮೂಲಿ ಸಲಹೆಯ ಗುಂಪಿನಲ್ಲಿ ಮೂರು ವರ್ಷದಲ್ಲಿ ನೂರಕ್ಕೆ 55 ಜನರಿಗೆ ಸಕ್ಕರೆ ಕಾಯಿಲೆ ಬಂತು. ಬದುಕಿನ ರೀತಿ ಬದಲಿಸಿಕೊಂಡವರಲ್ಲಿ ಸುಮಾರು 39 ಜನರಿಗೆ. ಅವರ ತೂಕ ಹೇಳಿಕೊಳ್ಳುವಷ್ಟು ಇಳಿದೇ ಇರಲಿಲ್ಲ! ನನ್ನ ಮುಂದೆ ಕೂತು ಅತ್ತವರಿಗೆಲ್ಲ ನಾನು ಹೇಳುವುದು ಈ ಕಥೆಯನ್ನೇ.

ಹಾಗಂತ ತೂಕಕ್ಕೆ ಬೆಲೆಯೇ ಇಲ್ಲ ಎಂದು ಹೇಳಿದರೆ ನಿಮಗೆ ಮೋಸ ಮಾಡಿದಂತೆ. ಅಮೆರಿಕದಲ್ಲಿ 2002ರಲ್ಲಿ ಬಂದ ಇಂಥದ್ದೇ ದೊಡ್ಡ ಅಧ್ಯಯನದಲ್ಲಿ ನಡಿಗೆಯ ಜೊತೆ ತೂಕವನ್ನೂ ಇಳಿಸಿದವರಲ್ಲಿ ಅಪಾಯ ಶೇ 58ರಷ್ಟು ಕಡಿಮೆಯಾಗಿತ್ತು. ನೀವು ಶುರು ಮಾಡಿದ ತೂಕದ ಶೇ 5 ಇಳಿಸುವುದನ್ನು ಮೊದಲ ಗುರಿ ಎಂದುಕೊಳ್ಳಿ, ಅಂದರೆ ಸುಮಾರು ಮೂರೂವರೆ ಕೆಜಿ. ಅಲ್ಲಿಗೆ ಇನ್ನು ಎರಡು ಕೆಜಿ ಬಾಕಿ. ಅದು ಇಳಿದರೆ ಒಳ್ಳೆಯದೇ. ಇನ್ನೂ ಆರು ತಿಂಗಳು ತಗೊಂಡರೂ ಪರವಾಗಿಲ್ಲ.

ಹಾಗಾದರೆ ಏನನ್ನು ಅಳೆಯಬೇಕು? ನಾನು ಮೊದಲು ಕೈಗೆ ಕೊಡುವುದು ಟೈಲರ್ ಟೇಪು.

ಬ್ಲೌಸ್ ನಿಮಗೆ ಎದೆ, ಬೆನ್ನು, ತೋಳಿನ ಸುದ್ದಿ ಹೇಳಿತು. ಹೊಟ್ಟೆಯ ಸುದ್ದಿ ಸೀರೆಗೆ ಗೊತ್ತಾಗುವುದಿಲ್ಲ. ಲಂಗದ ಲಾಡಿಯನ್ನು ಎಷ್ಟು ಬೇಕಾದರೂ ಸಡಿಲ ಬಿಡಬಹುದು, ನೈಟಿಗಂತೂ ಸೊಂಟವೇ ಇಲ್ಲ. ಹತ್ತು ವರ್ಷದಲ್ಲಿ ಹೊಟ್ಟೆ ಹತ್ತು ಸೆಂಟಿಮೀಟರ್ ಬೆಳೆದರೂ ಬಟ್ಟೆ ಎಚ್ಚರಿಸುವುದಿಲ್ಲ. ಗಂಡಸರದು ಇನ್ನೊಂದು ಕಥೆ. "ಮದುವೆ ಆದಾಗಿನಿಂದ ನನ್ನ ಪ್ಯಾಂಟ್ ಸೈಜ್ 34" ಎನ್ನುತ್ತಾರೆ. ಬೆಲ್ಟು ಮಾತ್ರ ಹೊಟ್ಟೆಯಿಂದ ಜಾರಿ ಅದರ ಕೆಳಗೆ ಬಂದಿರುತ್ತದೆ.

ಅಳೆಯುವ ಕ್ರಮ ಹೀಗೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಬಟ್ಟೆ ಸರಿಸಿ ನೇರವಾಗಿ ನಿಲ್ಲಿ. ಪಕ್ಕಕ್ಕೆ ಕೈ ಇಟ್ಟು ಕೊನೆಯ ಪಕ್ಕೆಲುಬು ಎಲ್ಲಿ ಮುಗಿಯುತ್ತದೆ ಎಂದು ಮುಟ್ಟಿ ನೋಡಿ. ಕೆಳಗೆ ಸೊಂಟದ ಮೂಳೆಯ ಮೇಲಂಚು ಸಿಗುತ್ತದೆ. ಎರಡರ ನಡುಮಧ್ಯೆ ಟೇಪು ಸುತ್ತಬೇಕು. ಸೀರೆ ಕಟ್ಟುವ ಜಾಗ ಇದಕ್ಕಿಂತ ಕೆಳಗಿರುತ್ತದೆ, ಅಲ್ಲಿ ಅಳೆಯಬೇಡಿ. ಟೇಪು ಹಿಂದೆ ಜಾರದೆ ಸುತ್ತಲೂ ಸಮವಾಗಿರಲಿ, ಚರ್ಮಕ್ಕೆ ತಾಗಲಿ, ಒತ್ತುವುದು ಬೇಡ. ಉಸಿರನ್ನು ಆರಾಮವಾಗಿ ಬಿಟ್ಟು ಓದಿಕೊಳ್ಳಿ. ಎಲ್ಲರೂ ತಿಳಿಯದೆಯೇ ಹೊಟ್ಟೆ ಒಳಗೆಳೆದುಕೊಳ್ಳುತ್ತಾರೆ. ಅದಕ್ಕೇ ಎರಡು ಸಲ ಅಳೆಯಿರಿ. ತಿಂಗಳಿಗೆ ಒಮ್ಮೆ ಸಾಕು.

ನಮ್ಮ ದೇಶದವರಿಗೆ ಹೆಂಗಸರಲ್ಲಿ 80 ಸೆಂ.ಮೀ., ಗಂಡಸರಲ್ಲಿ 90 ಸೆಂ.ಮೀ. ದಾಟಿದರೆ ಎಚ್ಚರ ಎನ್ನುತ್ತಾರೆ. ಟೇಪು ಇಲ್ಲದವರಿಗೆ ನಾನು ದಾರದ ಉಪಾಯ ಹೇಳುತ್ತೇನೆ. ನೆತ್ತಿಯಿಂದ ಹಿಮ್ಮಡಿಯವರೆಗೆ ನಿಮ್ಮ ಎತ್ತರದಷ್ಟು ದಾರ ಕತ್ತರಿಸಿ. ಅದನ್ನು ಸರಿಯಾಗಿ ಎರಡು ಮಡಿಕೆ ಮಾಡಿ ಸೊಂಟಕ್ಕೆ ಸುತ್ತಿ. ಎರಡು ತುದಿ ಕೂಡಿದರೆ ಒಳ್ಳೆಯದು. ನಡುವೆ ಸಂದು ಉಳಿದರೆ ಆ ಸಂದೇ ನಿಮ್ಮ ಮುಂದಿನ ಕೆಲಸ. ಸೊಂಟದ ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಡಿಮೆ ಇರಲಿ ಎಂದು ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ 2022ರಿಂದ ಹೇಳುತ್ತಿದೆ. ನಿಮ್ಮ ಎತ್ತರಕ್ಕೆ ಅದು 77.5 ಸೆಂ.ಮೀ. ಇಂದು ನಿಮ್ಮದು ಎಷ್ಟೇ ಇರಲಿ, ಹೆದರಬೇಡಿ. ಆ ಸಂದು ತಿಂಗಳಿಂದ ತಿಂಗಳಿಗೆ ಕಿರಿದಾಗುತ್ತಾ ಬಂದರೆ ಸಾಕು.

ಹೊಟ್ಟೆಗೆ ಇಷ್ಟೊಂದು ಮಹತ್ವ ಏಕೆ ಎಂದರೆ, ತೂಕ ಮತ್ತು ಎತ್ತರ ಸೇರಿಸಿ ಲೆಕ್ಕ ಹಾಕುವ ಬಿಎಂಐ ನಮ್ಮವರ ವಿಷಯದಲ್ಲಿ ಬೇಗ ದಾರಿ ತಪ್ಪಿಸುತ್ತದೆ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ ಇಬ್ಬರೂ ಸಂಶೋಧಕರು. 2004ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ತಮ್ಮ ಫೋಟೋ ಒಟ್ಟಿಗೆ ಹಾಕಿ, ತಮ್ಮದೇ ಅಳತೆ ಪ್ರಕಟಿಸಿದರು. ಇಬ್ಬರ ಬಿಎಂಐ ಕೂಡ 22.3. ಮೈಯಲ್ಲಿನ ಕೊಬ್ಬು ಮಾತ್ರ ಯುಡ್ಕಿನ್‌ಗೆ ಶೇ 9.1, ಯಾಜ್ಞಿಕ್‌ಗೆ ಶೇ 21.2. "ನಾನು ತೆಳ್ಳಗಿದ್ದೇನಲ್ಲ, ನನಗೆ ಶುಗರ್ ಹೇಗೆ ಬಂತು?" ಎಂದು ಕೇಳುವ ನಮ್ಮ ಜನರಿಗೆ ಉತ್ತರ ಅಲ್ಲಿದೆ.

ಎರಡನೆಯದು ರಕ್ತದ ರಿಪೋರ್ಟ್. ಇಲ್ಲಿ ನಿಮ್ಮ ಪತ್ರದ ಒಂದು ಸಣ್ಣ ಮಾತು ನನ್ನ ಕಣ್ಣು ಸೆಳೆಯಿತು, ಆ ಕಬ್ಬಿಣದ ಮಾತ್ರೆ. ಎಚ್‌ಬಿಎ1ಸಿ ಅಂದರೆ ಕೆಂಪು ರಕ್ತಕಣದ ಹಿಮೋಗ್ಲೋಬಿನ್‌ಗೆ ಎಷ್ಟು ಸಕ್ಕರೆ ಅಂಟಿದೆ ಎಂಬ ಲೆಕ್ಕ. ಒಂದು ಕಣ ಸುಮಾರು 120 ದಿನ ಬದುಕುತ್ತದೆ. ಆದ್ದರಿಂದ ಅದು ಕಳೆದ ಎರಡು ಮೂರು ತಿಂಗಳ ಸರಾಸರಿ ಹೇಳುತ್ತದೆ. ಕಬ್ಬಿಣದ ಕೊರತೆ ಇದ್ದಾಗ ಈ ಅಂಕಿ ನಿಜಕ್ಕಿಂತ ಸ್ವಲ್ಪ ಜಾಸ್ತಿ ತೋರಿಸಬಹುದು. ಮಾತ್ರೆ ತಗೊಂಡು ಹೊಸ ಕಣಗಳು ಬಂದಾಗ ತಾನಾಗಿ ಇಳಿಯಲೂಬಹುದು. 6.2ರಿಂದ 5.8ಕ್ಕೆ ಬಂದದ್ದರಲ್ಲಿ ಒಂದಿಷ್ಟು ಪಾಲು ಮಾತ್ರೆಯದ್ದಿರಬಹುದು. ಇದನ್ನು ಕೇಳಿ ಬೇಜಾರಾಗಬೇಡಿ. ಖಾಲಿ ಹೊಟ್ಟೆಯ ಶುಗರ್‌ಗೆ ಈ ಗೊಂದಲ ಇಲ್ಲ, ಅದೂ 114ರಿಂದ 103ಕ್ಕೆ ಇಳಿದಿದೆ. ಎರಡೂ ಒಂದೇ ಕಡೆಗೆ ಹೋಗುತ್ತಿವೆ ಎಂದರೆ ನಡಿಗೆ ಕೆಲಸ ಮಾಡಿದೆ. ಎಚ್‌ಬಿಎ1ಸಿ 5.7ಕ್ಕಿಂತ ಕೆಳಗೆ, ಖಾಲಿ ಹೊಟ್ಟೆಯದು 100ಕ್ಕಿಂತ ಕೆಳಗೆ ಬಂದರೆ ಆ ಬಾಗಿಲಿನಿಂದ ಹಿಂದೆ ಸರಿದಂತೆ. ನೀವು ತೀರಾ ಹತ್ತಿರ ಇದ್ದೀರಿ. ಮುಂದಿನ ಸಲ ಹಿಮೋಗ್ಲೋಬಿನ್ ಮತ್ತು ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಎಂದು ಹೇಳುವ ಪರೀಕ್ಷೆ) ಕೂಡ ನೋಡಿಸಿ. ಎಚ್‌ಬಿಎ1ಸಿಯನ್ನು ಮೂರು ತಿಂಗಳ ಒಳಗೆ ಮತ್ತೆ ಮಾಡಿಸಬೇಡಿ, ದುಡ್ಡು ದಂಡ.

ಕೊಲೆಸ್ಟರಾಲ್ ರಿಪೋರ್ಟ್ ಮಾಡಿಸಿದರೆ ಟ್ರೈಗ್ಲಿಸರೈಡ್ ಎಂಬ ಸಾಲು ನೋಡಿ, ಅದು ರಕ್ತದಲ್ಲಿರುವ ಒಂದು ಬಗೆಯ ಕೊಬ್ಬು. ಅನ್ನ, ಸಿಹಿ ಕಡಿಮೆ ಮಾಡಿ ನಡೆದವರಲ್ಲಿ ಬೇಗ ಇಳಿಯುವುದು ಅದೇ. 150ಕ್ಕಿಂತ ಕೆಳಗಿರಲಿ.

ಬಿಪಿ 126/80 ಬಂದದ್ದು ನನಗೆ ತುಂಬಾ ಖುಷಿ ಕೊಟ್ಟಿತು. ಆದರೆ ಒಂದೇ ಸಲದ ಬಿಪಿಯನ್ನು, ಅದು ಒಳ್ಳೆಯದಿದ್ದರೂ ಕೆಟ್ಟದ್ದಿದ್ದರೂ, ನಂಬಬೇಡಿ. ಆಸ್ಪತ್ರೆಯ ಮೆಟ್ಟಿಲು ಹತ್ತಿ ಬಂದ ಕೂಡಲೇ, ಮಾತಾಡುತ್ತಾ, ಕೈ ಇಳಿಬಿಟ್ಟು ಅಳೆಸಿಕೊಂಡರೆ ಹತ್ತು ಅಂಕಿ ಆರಾಮವಾಗಿ ಏರುತ್ತದೆ. ತೋಳಿಗೆ ಕಟ್ಟುವ ಮಷಿನ್ ಮನೆಯಲ್ಲಿದ್ದರೆ, ಬೆನ್ನಿಗೆ ಆಸರೆ ಕೊಟ್ಟು ಐದು ನಿಮಿಷ ಸುಮ್ಮನೆ ಕೂತು, ಪಾದ ನೆಲಕ್ಕೆ ಊರಿ, ಕೈಯನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿಟ್ಟು ಅಳೆಯಿರಿ. ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ, ಒಂದು ವಾರ. ಆ ಸರಾಸರಿ 135/85ಕ್ಕಿಂತ ಕಡಿಮೆ ಇರಬೇಕು.

ಇನ್ನು ಕಾಗದದಲ್ಲಿ ಬಾರದ ಅಳತೆ, ದಮ್ಮು. ಮೊದಲ ವಾರ ನೀವು ನಡೆದ ದಾರಿಯಲ್ಲಿ ಎಲ್ಲಿ ನಿಂತು ಉಸಿರು ತಗೊಂಡಿರಿ ನೆನಪಿದೆಯಾ? ಈಗ ಅಲ್ಲಿ ನಿಲ್ಲುತ್ತೀರಾ? ಮೈಸೂರಿನವರಾದರೆ ನಾನು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿಸುತ್ತೇನೆ. ಸಾವಿರ ಮೆಟ್ಟಿಲೂ ಬೇಕಾಗಿಲ್ಲ. ದೊಡ್ಡ ನಂದಿಯವರೆಗೆ ಎಷ್ಟು ಸಲ ಕೂತೆ ಎಂದು ಲೆಕ್ಕ ಇಟ್ಟರೆ ಆಯಿತು. ಮೊದಲು ಆರು ಸಲ ಕೂತವರು ಮೂರು ತಿಂಗಳ ಮೇಲೆ ಎರಡೇ ಸಲ ಕೂತರೆ ಅವರ ಹೃದಯಕ್ಕೂ ಶ್ವಾಸಕೋಶಕ್ಕೂ ಏನಾಗಿದೆ ಎಂದು ಯಾವ ಮಷಿನ್ನೂ ಹೇಳಬೇಕಾಗಿಲ್ಲ. ಬೆಟ್ಟ ಇಲ್ಲದ ಊರಿನಲ್ಲಿ ಮನೆಯ ಮೆಟ್ಟಿಲು, ಬಸ್ ಸ್ಟ್ಯಾಂಡಿನ ಏರು ಸಾಕು. ಎದೆ ಬಿಗಿತ, ಎಡಗೈ ನೋವು, ತಲೆ ಸುತ್ತು ಬಂದರೆ ಮಾತ್ರ ಅಲ್ಲಿಗೇ ನಿಲ್ಲಿಸಿ ಡಾಕ್ಟರ್ ಹತ್ತಿರ ಹೋಗಬೇಕು. ಬೆಳಿಗ್ಗೆ ಎದ್ದ ಕೂಡಲೇ ಮಣಿಕಟ್ಟಿನಲ್ಲಿ ನಾಡಿ ಎಣಿಸುವುದೂ ಒಳ್ಳೆಯ ಅಭ್ಯಾಸ. ತಿಂಗಳುಗಟ್ಟಲೆ ನಡೆದವರಲ್ಲಿ ಅದು ನಿಧಾನವಾಗಿ ಇಳಿಯುತ್ತದೆ.

ನಿಮ್ಮ ದಿನಚರಿಯಲ್ಲಿ ಕೊರತೆ ಕಂಡದ್ದು ಒಂದೇ ಕಡೆ, ಶಕ್ತಿ ಬೆಳೆಸುವ ವ್ಯಾಯಾಮ. ಮೂವತ್ತು ದಾಟಿದ ಮೇಲೆ ಬಳಸದ ಸ್ನಾಯು ಮೆಲ್ಲಗೆ ಸವೆಯುತ್ತದೆ, ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಇನ್ನೂ ಬೇಗ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯೂ ಪಾಲ್ಗೊಂಡ, 17 ದೇಶಗಳ ಸುಮಾರು 1.4 ಲಕ್ಷ ಜನರ ಅಧ್ಯಯನ 2015ರಲ್ಲಿ ಬಂತು. ಅದರಲ್ಲಿ ಕೈಯ ಹಿಡಿತ ದುರ್ಬಲ ಇದ್ದವರಲ್ಲಿ ಸಾವಿನ ಅಪಾಯ ಜಾಸ್ತಿ ಕಂಡುಬಂತು. ಹಿಡಿತ ಅಳೆಯುವ ಸಾಧನ ನಿಮ್ಮ ಹತ್ತಿರ ಇರುವುದಿಲ್ಲ. ಅದರ ಬದಲು ಕೈ ಇಲ್ಲದ ಕುರ್ಚಿಯಲ್ಲಿ ಕೂತು, ಎರಡೂ ಕೈ ಎದೆಗೆ ಕಟ್ಟಿಕೊಂಡು, 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತೀರಿ ಎಣಿಸಿ. ನೆಲದ ಮೇಲೆ ಚಕ್ಕಳಮಕ್ಕಳ ಕೂತು ಊಟ ಮಾಡಿ, ಏಳುವಾಗ ಕೈ ಊರುತ್ತೀರಾ ಗಮನಿಸಿ. ನಮ್ಮ ಅಜ್ಜಿಯರು ಎಪ್ಪತ್ತರಲ್ಲೂ ಬಾಳೆಲೆ ಮಡಚಿ ಹಾಗೇ ಏಳುತ್ತಿದ್ದರು, ಅಲ್ವಾ? ವಾರಕ್ಕೆ ಎರಡು ದಿನ ಈ ಕುರ್ಚಿಯ ಬೈಠಕ್, ಗೋಡೆಗೆ ಕೈ ಊರಿ ದಂಡ, ಎರಡು ಲೀಟರ್ ನೀರಿನ ಬಾಟಲಿ ಎತ್ತಿ ಇಳಿಸುವುದು, ಇಷ್ಟರಿಂದ ಶುರು ಮಾಡಿ. ಜೊತೆಗೆ ಪ್ರತಿ ಊಟದಲ್ಲೂ ಕಾಳು, ಬೇಳೆ, ಮೊಸರು, ಮೊಟ್ಟೆ ತಿನ್ನುವವರಾದರೆ ಮೊಟ್ಟೆ ಇರಲಿ. ಹುರುಳಿಕಾಳಿನ ಬಸ್ಸಾರು ಮಾಡಿದ ದಿನ ಕಟ್ಟಿನ ಜೊತೆ ಕಾಳಿನ ಪಲ್ಯವನ್ನೂ ನಿಮ್ಮ ತಟ್ಟೆಗೆ ಸರಿಯಾಗಿ ಹಾಕಿಕೊಳ್ಳಿ. ಮನೆಯವರಿಗೆಲ್ಲ ಬಡಿಸಿ ತಾವು ಬರೀ ಸಾರು ಅನ್ನ ತಿನ್ನುವ ಹೆಂಗಸರನ್ನು ನಾನು ತುಂಬಾ ನೋಡಿದ್ದೇನೆ.

ಕೊಬ್ಬಿನ ಶೇಕಡಾವಾರು ತೋರಿಸುವ ಮಷಿನ್ ಕೊಳ್ಳಲೇ ಎಂದು ಮುಂದೆ ಕೇಳಬಹುದು. ಬೇಡ. ಪಾದದ ಮೂಲಕ ಸಣ್ಣ ಕರೆಂಟ್ ಹರಿಸಿ ಮೈಯ ನೀರಿನಿಂದ ಅದು ಅಂದಾಜು ಮಾಡುತ್ತದೆ. ಬೆವರಿದಾಗ ಒಂದು, ನೀರು ಕುಡಿದಾಗ ಇನ್ನೊಂದು ಹೇಳುತ್ತದೆ.

ತೂಕದ ಮಷಿನ್ನನ್ನು ಅಟ್ಟಕ್ಕೆ ಹಾಕಬೇಕಾಗಿಯೂ ಇಲ್ಲ. ವಾರಕ್ಕೆ ಒಂದು ದಿನ, ಬೆಳಿಗ್ಗೆ ಶೌಚ ಮುಗಿಸಿ, ಕಾಫಿಗೆ ಮುಂಚೆ ನಿಲ್ಲಿ. ನಾಲ್ಕು ವಾರದ ಸರಾಸರಿಯನ್ನು ಹಿಂದಿನ ನಾಲ್ಕು ವಾರದ್ದಕ್ಕೆ ಹೋಲಿಸಿ. ಕೆಲವರಿಗಂತೂ ಅದು ಪ್ರಾಣ ಉಳಿಸುವ ಸಾಧನ. ಹೃದಯ ವೈಫಲ್ಯ (ಹಾರ್ಟ್ ಫೇಲ್ಯೂರ್) ಇರುವವರು, ಕಿಡ್ನಿ ತೊಂದರೆ ಇರುವವರು ದಿನಾ ತೂಕ ನೋಡಲೇಬೇಕು. ಎರಡು ಮೂರು ದಿನದಲ್ಲಿ ಎರಡು ಕೆಜಿ ಏರಿದರೆ ಮೈಯಲ್ಲಿ ನೀರು ತುಂಬುತ್ತಿದೆ ಎಂದು ಅರ್ಥ. ಪ್ರಯತ್ನ ಮಾಡದೆ ತೂಕ ಇಳಿಯುವುದೂ ಖುಷಿ ಪಡುವ ವಿಷಯ ಅಲ್ಲ. ಬಾಯಾರಿಕೆ, ಪದೇ ಪದೇ ಮೂತ್ರದ ಜೊತೆ ಇಳಿದರೆ ಶುಗರ್ ಕೈ ಮೀರಿರಬಹುದು. ಎರಡು ವಾರ ದಾಟಿದ ಕೆಮ್ಮಿನ ಜೊತೆ ಇಳಿದರೆ ಟಿಬಿ ಪರೀಕ್ಷೆ ಆಗಬೇಕು. "ಸಣ್ಣಗಾಗಿದ್ದೀಯ, ಚೆನ್ನಾಗಿ ಕಾಣ್ತೀಯ" ಎಂದು ನೆಂಟರು ಹೊಗಳುತ್ತಾ ಇರುವಾಗಲೇ ಕಾಯಿಲೆ ಒಳಗೆ ಬೆಳೆದವರನ್ನು ನೋಡಿದ್ದೇನೆ.

ನೀವು ಮಾಡಬೇಕಾದದ್ದು ಇಷ್ಟು. ನಾಳೆ ಬೆಳಿಗ್ಗೆ ಹೊಟ್ಟೆ ಅಳೆದು ಗೋಡೆಯ ಕ್ಯಾಲೆಂಡರಿನಲ್ಲಿ ಆ ತಾರೀಖಿನ ಚೌಕದಲ್ಲೇ ಬರೆದಿಡಿ. ಪಕ್ಕದಲ್ಲಿ ಕುರ್ಚಿಯ ಎಣಿಕೆ ಮತ್ತು ನಾಡಿ. ಪ್ರತಿ ತಿಂಗಳು ಅದೇ ತಾರೀಖಿಗೆ ಮತ್ತೆ. ಮುಟ್ಟು ಹತ್ತಿರ ಇದ್ದರೆ ನಾಲ್ಕು ದಿನ ತಡೆದು ಅಳೆಯಿರಿ. ನಡಿಗೆ ಈಗಿನ ಹಾಗೇ ಇರಲಿ. ಕಬ್ಬಿಣದ ಮಾತ್ರೆಯನ್ನು ಡಾಕ್ಟರ್ ಹೇಳುವವರೆಗೆ ನಿಲ್ಲಿಸಬೇಡಿ, ಅದನ್ನು ನುಂಗುವ ಒಂದು ಗಂಟೆ ಆಚೆ ಈಚೆ ಕಾಫಿ, ಟೀ ಬೇಡ. ಮೂರು ತಿಂಗಳಾದ ಮೇಲೆ ಶುಗರ್, ಎಚ್‌ಬಿಎ1ಸಿ, ಫೆರಿಟಿನ್ ಮಾಡಿಸಿ, ಕ್ಯಾಲೆಂಡರಿನ ಅಂಕಿಗಳ ಜೊತೆ ನನಗೆ ಬರೆಯಿರಿ. ತೂಕ ಬರೆಯದಿದ್ದರೂ ನಡೆಯುತ್ತದೆ.